ದೊಡ್ಡ ಕಣದ ಮಣ್ಣು

ಹೊಳೆ

ಪರದೇಶಕ್ಕೆ ಹೋಗಿಬಂದವರು ಹಡಗಿನಿಂದ ಮಾತು ಶುರುಮಾಡುತ್ತಾರೆ. ನನ್ನದು ಹರಿಗೋಲಿನಿಂದ ಶುರುವಾಗಬೇಕು. ನಾನು ಕಂಡ ಪರದೇಶ ನಮ್ಮ ಹಿತ್ತಲಲ್ಲಿ ನಿಂತರೆ ಕಾಣುತ್ತಿತ್ತು. ಅಲ್ಲಿಯ ಎಮ್ಮೆಗಳು ಬೇಸಿಗೆಯಲ್ಲಿ ಹೊಳೆ ದಾಟಿ ಬಂದು ನಮ್ಮ ಬೆಳೆ ಮೇಯ್ದು ಸಂಜೆಗೆ ತಮ್ಮ ದೇಶಕ್ಕೆ ಹೋಗುತ್ತಿದ್ದವು. ಅವುಗಳ ರಹದಾರಿ ಚೀಟಿಯನ್ನು ಯಾರೂ ಕೇಳುತ್ತಿರಲಿಲ್ಲ. ನನ್ನದನ್ನು ಮಾತ್ರ ಎರಡೂ ದಡದಲ್ಲಿ ಕೇಳಿದರು.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತಿದು. ತುಂಗಭದ್ರೆಯ ಆ ದಡ, ಅಂದರೆ ಸಿರುಗುಪ್ಪ ಬಳ್ಳಾರಿಗಳ ಕಡೆ, ಹಿಂದುಸ್ತಾನವಾಗಿತ್ತು. ಸಿಂಧನೂರು ಸೀಮೆಯ ನಮ್ಮೂರು ಇನ್ನೂ ನಿಜಾಮರ ರಾಜ್ಯದಲ್ಲಿತ್ತು. ಅವರಿಗೆ ಜೂನ್ ತಿಂಗಳಾದರೆ ನಮಗೆ ಅಮರ್ದಾದ್. ಹೊಳೆಯ ನಡುವೆ ಒಂದು ದೇಶ ಮುಗಿದು ಇನ್ನೊಂದು ಶುರುವಾಗುತ್ತಿತ್ತು ಎಂದರೆ ಈಗ ಶಾಲೆಗೆ ಬರುವ ಹುಡುಗರು ನಗುತ್ತಾರೆ. ನಗಲಿ, ನಮಗೆ ಆಗ ನಗು ಬರುತ್ತಿರಲಿಲ್ಲ.

ನಾನು ಹೋದದ್ದು ನನ್ನ ತಮ್ಮ ಪಂಪಣ್ಣನನ್ನು ಕರೆತರಲು. ನಮ್ಮಪ್ಪ ಊರಿನ ಗರಡಿಯ ವಸ್ತಾದ, ಕುಸ್ತಿ ಕಲಿಸುವವನು. ನಾನು ಮಾಸ್ತರನಾಗಿ ಸುಣ್ಣದ ಕಡ್ಡಿ ಹಿಡಿದೆ. ಗರಡಿಯ ಮಣ್ಣು ಮೈಗೆ ಹತ್ತಿದ್ದು ತಮ್ಮನಿಗೆ. ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಬೇಕೋ ಬೇಡವೋ ಎಂಬ ಗಲಭೆ ಜೋರಾದಾಗ ಗಟ್ಟಿ ಮೈಯ ಹುಡುಗರನ್ನೆಲ್ಲ ಎರಡೂ ಕಡೆಯವರು ಅನುಮಾನದಿಂದ ನೋಡತೊಡಗಿದರು. ಅವ್ವ ಹೆದರಿ ಅವನನ್ನು ಹೊಳೆ ದಾಟಿಸಿದಳು. ಬಳ್ಳಾರಿಯಲ್ಲಿ ದೊಡ್ಡ ಕಣವೆಂಬ ಜಾಗವಿದೆ, ಅಪ್ಪ ಹರೆಯದಲ್ಲಿ ಅಲ್ಲಿಯೇ ಕುಸ್ತಿ ಕಲಿತದ್ದು, ಅಲ್ಲಿಗೆ ಹೋಗಿ ಅಪ್ಪನ ಹೆಸರು ಹೇಳಿದರೆ ಅನ್ನಕ್ಕೆ ಕೊರತೆಯಿಲ್ಲ ಎಂದು ಹೇಳಿ ಕಳಿಸಿದ್ದಳು. ಈಗ ನಮ್ಮೂರಿನ ಮಟ್ಟಿಗೆ ಗಲಭೆ ತಣ್ಣಗಾಗಿತ್ತು. ಅಪ್ಪನ ಗರಡಿ ಹಿಡಿಯುವ ಮಗ ಬೇಕಾಗಿತ್ತು. ಹೊಳೆ ತುಂಬುವ ಮೊದಲು ಅವನನ್ನು ಕರೆದುಕೊಂಡು ಬಾ ಎಂದು ಅವ್ವ ನನ್ನ ಬೆನ್ನುಹತ್ತಿದಳು. ಅಪ್ಪ ಏನೂ ಅನ್ನಲಿಲ್ಲ. ಅವನ ಅಭ್ಯಾಸವೇ ಹಾಗೆ.

ಆಚೆ ದಡದ ಕಾವಲಿನವನು ನನ್ನ ಬುತ್ತಿ ಬಿಚ್ಚಿಸಿದ.

"ಜ್ವಾಳ ಈ ಕಡಿ ತರಂಗಿಲ್ಲ," ಎಂದ.

"ಜ್ವಾಳ ಅಲ್ಲರಿ, ರೊಟ್ಟಿ."

"ರೊಟ್ಟಿ ಯಾತರದು?"

"ಜ್ವಾಳದ್ದು."

"ಮತ್ತ?"

ಅವನು ತಪಾಸಣೆಗೆಂದು ಒಂದು ರೊಟ್ಟಿ ಮುರಿದ, ಜೊತೆಯವನೂ ತಪಾಸಣೆ ಮಾಡಿದ, ಕೆಂಪು ಚಟ್ನಿ ಚೆನ್ನಾಗಿದೆಯೆಂದು ಇಬ್ಬರೂ ಒಪ್ಪಿದರು. ತಮ್ಮನಿಗೆಂದು ಅವ್ವ ಕಟ್ಟಿಕೊಟ್ಟ ಬುತ್ತಿ ಅರ್ಧ ಹಿಂದುಸ್ತಾನಕ್ಕೆ ಸಂದಿತು.

ಸಿರುಗುಪ್ಪ

ನಮ್ಮ ರಾಜ್ಯದ ಮಾಸ್ತರರಿಗೆಲ್ಲ ಕೆಂಪು ರೂಮಿ ಟೊಪ್ಪಿಗೆ ಮರ್ಯಾದೆಯ ಗುರುತು. ಅದನ್ನು ಹಾಕಿಕೊಂಡೇ ಸಿರುಗುಪ್ಪದ ಬಜಾರಿನಲ್ಲಿ ನಡೆದೆ. ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಚಹಾದಂಗಡಿಯವನು ಬಹಳ ಕಷ್ಟಪಟ್ಟು ಉರ್ದುವಿನಲ್ಲಿ ವಿಚಾರಿಸಿದ. ನಾನು ಕನ್ನಡದಲ್ಲಿ ಉತ್ತರ ಕೊಟ್ಟಾಗ ಅವನಿಗೆ ಶ್ರಮ ಹಾಳಾಯಿತೆಂಬ ಬೇಸರವಾದಂತೆ ಕಂಡಿತು.

"ಅದನ್ನ ತಗದು ಚೀಲದಾಗ ಇಟ್ಕೊಳ್ರಿ ಮಾಸ್ತರ," ಎಂದು ಪಕ್ಕದಲ್ಲಿದ್ದ ಮುದುಕ ಮೆಲ್ಲಗೆ ಹೇಳಿದ. "ಎಲ್ಲಾರೂ ನಮ್ಮಂಗ ಸಮಾಧಾನದವರಿರಂಗಿಲ್ಲ."

ತೆಗೆದೆ. ಆದರೆ ಬರಿತಲೆಯಲ್ಲಿ ಬಜಾರು ತಿರುಗುವುದು ಹೇಗೆ? ಒಂದು ರುಮಾಲು ಕೊಂಡು ಸುತ್ತಿಕೊಂಡೆ. ಅದು ನನ್ನ ತಲೆಯ ಮೇಲೆ ಒಂದು ಗಳಿಗೆಯೂ ನೆಟ್ಟಗೆ ಕೂರಲಿಲ್ಲ. ಸಿರುಗುಪ್ಪ ಬಿಡುವ ತನಕ ಒಂದು ಕೈ ತಲೆಯ ಮೇಲೆಯೇ ಇತ್ತು.

ಸಿರುಗುಪ್ಪದಲ್ಲಿ ನಮ್ಮ ದಡದಿಂದ ಓಡಿಬಂದ ಸಂಸಾರಗಳು ಛತ್ರ, ಶಾಲೆ, ಮರದ ನೆರಳು ಎಲ್ಲೆಂದರಲ್ಲಿ ಇಳಿದುಕೊಂಡಿದ್ದವು. ಗುರುತಿನವನೊಬ್ಬ ಸಿಕ್ಕ. ಪಂಪಣ್ಣನನ್ನು ಕೇಳಿದೆ.

"ದೊಡ್ಡ ಕಣದಾಗ ಅದಾನ," ಎಂದ. ಆಮೇಲೆ ಕಾಲಿನ ಹೆಬ್ಬೆರಳು ನೋಡುತ್ತ, "ಇದ್ದ. ಈಗ ಅಲ್ಲೇ ಎಲ್ಲೋ ಅದಾನ. ನೀವ ಹೋಗಿ ಕೇಳ್ರಿ," ಎಂದ. ಇನ್ನೇನು ಕೇಳಿದರೂ ಬಾಯಿ ಬಿಡಲಿಲ್ಲ.

ಬಳ್ಳಾರಿಗೆ ಹೋಗುವ ಬಸ್ಸು ಇದ್ದಿಲಿನದು. ಹಿಂಬದಿಯಲ್ಲಿ ಒಂದು ದೊಡ್ಡ ಡಬ್ಬಿಯಲ್ಲಿ ಕೆಂಡ ಉರಿಯುತ್ತಿತ್ತು. ಸ್ವಲ್ಪ ಏರು ಬಂದರೆ ಸಾಕು, ಡ್ರೈವರು ಹಿಂತಿರುಗಿ ನೋಡುತ್ತಿದ್ದ. ಗಂಡಸರೆಲ್ಲ ತಾವಾಗಿಯೇ ಇಳಿದು ತಳ್ಳಿ ಮತ್ತೆ ಹತ್ತುತ್ತಿದ್ದರು. ಯಾರೂ ಬೈಯಲಿಲ್ಲ. ನಮ್ಮ ಕಡೆ ಇಷ್ಟು ಹೊತ್ತಿಗೆ ತಹಶೀಲ್ದಾರರ ತನಕ ಅರ್ಜಿ ಹೋಗಿರುತ್ತಿತ್ತು. ನಾನೂ ತಳ್ಳಿದೆ, ರುಮಾಲು ಬಿಚ್ಚಿಕೊಂಡು ಚಕ್ರದ ಕೆಳಗೆ ಹೋಯಿತು.

ಬಳ್ಳಾರಿ

ಬಳ್ಳಾರಿಯವರು ಒಂದು ಮಾತನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಸಿಟ್ಟು ಬಂದರೆ ಪೂರಾ ತೆಲುಗು. ಬಿಸಿಲಿಗೆ ಕಾದ ಏಕಶಿಲೆಯ ಗುಡ್ಡ ಊರಿನ ಮೇಲೆ ಒಲೆಯ ಮೇಲಿನ ಹಂಚಿನಂತೆ ಕೂತಿರುತ್ತದೆ. ಅದರ ಬುಡದಲ್ಲಿಯೇ ದೊಡ್ಡ ಕಣ.

ಕಣದ ಎದುರಿಗೆ ವೆಂಕಟಸ್ವಾಮಿ ಎಂಬವರ ಹೋಟೆಲು. ಹೆಸರು ಹೇಳಿ ಯಾರ ಮಗನೆಂದು ತಿಳಿಸಿದ ಕೂಡಲೇ ಅವರು ಬೆಂಚಿನ ಮೇಲಿದ್ದ ಗಿರಾಕಿಯನ್ನೇ ಎಬ್ಬಿಸಿದರು.

"ಕೂರ್ಚೋಂಡಿ ಮಾಸ್ತರ್ರೆ. ಹನುಮಪ್ಪ ವಸ್ತಾದರ ಮಗ ಅಂದ್ರ ನಮ್ಮ ಮನಿ ಮಗ ಇದ್ದಂಗ. ಮೊದಲು ಕಾಫಿ ಕುಡೀರಿ. ಆಮ್ಯಾಲ ಹೇಳ್ತೀನಿ."

ತಮ್ಮನ ಸುದ್ದಿ ಹೇಳುವ ಬದಲು ಅವರು ಕಣದ ಚರಿತ್ರೆ ಹೇಳಿದರು. ಕೆಟ್ಟ ಸುದ್ದಿ ಹೇಳಬೇಕಾದವರು ಬಹಳ ಹಿಂದಿನಿಂದ ಶುರುಮಾಡುತ್ತಾರೆಂದು ನನಗೆ ಆಗ ಹೊಳೆಯಲಿಲ್ಲ.

ಕಣವಿರುವ ಜಾಗ ಮೊದಲು ಕಲ್ಲು ಕಡಿಯುತ್ತಿದ್ದ ಗುಂಡಿಯಾಗಿತ್ತಂತೆ. ಕಡಿದು ಬಿಟ್ಟ ಕಲ್ಲಿನ ಅಂಚುಗಳೇ ಸುತ್ತಲೂ ಮೆಟ್ಟಿಲಾಗಿ ಉಳಿದವು. ಮಳೆ ನೀರು ನಿಂತು ಸೊಳ್ಳೆಗಳಾದಾಗ ಓಣಿ ಓಣಿಯವರೂ ಸೇರಿ ಅದನ್ನು ತುಂಬಿದರು. ಇಲ್ಲಿಯ ಕರಿ ಎರೆಮಣ್ಣು ಕುಸ್ತಿಗೆ ಬಾರದು, ಒಣಗಿದರೆ ಇಟ್ಟಿಗೆ, ನೆನೆದರೆ ಅಂಟು. ಅದಕ್ಕೇ ಸೊಂಡೂರಿನ ಕಡೆಯಿಂದ ಗಾಡಿಗಳಲ್ಲಿ ಕೆಮ್ಮಣ್ಣು ತರಿಸಿದರು. ಮೊದಲ ಗಾಡಿ ತಮ್ಮ ಅಜ್ಜನದೆಂದು ವೆಂಕಟಸ್ವಾಮಿ ಎದೆ ಮುಟ್ಟಿಕೊಂಡರು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಬೆರೆಸಿ ವರ್ಷ ವರ್ಷ ಹದ ಮಾಡಿದರು. ನಡುವೆ ಕುಸ್ತಿಯ ಕಣ, ಸುತ್ತ ಕಲ್ಲಿನ ಮೆಟ್ಟಿಲು. ಯಾವ ಜಾತಿಯವನಾದರೂ ಅಲ್ಲಿ ಕೂತು ನೋಡಬಹುದಾಗಿತ್ತು. ಊರಿನಲ್ಲಿ ಹಾಗಿದ್ದ ಜಾಗ ಇನ್ನೊಂದಿರಲಿಲ್ಲ.

ನಾಟಕದ ಕಂಪನಿಗಳು ಬಂದರೆ ಕಣದ ಮೇಲೆ ಹಲಗೆ ಹಾಸಿ ಅದರ ಮೇಲೆ ರಂಗ ಕಟ್ಟುತ್ತಿದ್ದರು. ರಾಜನ ಪಾರ್ಟಿನವನೂ ಹಲಗೆಗೆ ಕೈಮುಗಿದೇ ಹತ್ತಬೇಕು, ಕೆಳಗೆ ಮಣ್ಣಿದೆ ಎಂದು. ಯುದ್ಧದ ಕಾಲದಲ್ಲಿ ಇಟಲಿಯ ಸೆರೆಯಾಳುಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರಲ್ಲ, ಒಂದು ಸಲ ಅವರಲ್ಲಿ ಕೆಲವರನ್ನು ಇಲ್ಲಿ ಚೆಂಡಾಡಲು ಬಿಟ್ಟರಂತೆ. ಊರಿನ ಜನವೆಲ್ಲ ಗುಡ್ಡ ಹತ್ತಿ ನೋಡಿತಂತೆ. ಚೆಂಡು ಕಣದಲ್ಲಿ ಬಿದ್ದಾಗ ಅದನ್ನು ತರಲು ಬಂದ ಒಬ್ಬನಿಗೆ ಕಣದ ಹಿರಿಯ ಈರಣ್ಣ ವಸ್ತಾದರು ಕೈ ಅಡ್ಡ ಹಿಡಿದರಂತೆ. ಆ ಬಿಳಿಯನು ಬೂಟು ಬಿಚ್ಚಿ, ಬರಿಗಾಲಲ್ಲಿ ಇಳಿದು, ಒಂದು ಹಿಡಿ ಮಣ್ಣು ಮೂಸಿ ನೋಡಿ, ತನ್ನ ಭಾಷೆಯಲ್ಲಿ ಏನೋ ಅಂದು ಅತ್ತನಂತೆ.

"ಯಾಕ ಅತ್ತ?" ಎಂದೆ.

"ಯಾರಿಗೆ ಗೊತ್ತು? ಅವರೂರಿನ ಹೊಲದ ನೆನಪಾತೇನೋ." ವೆಂಕಟಸ್ವಾಮಿ ನನ್ನ ಕಪ್ಪು ತೆಗೆದುಕೊಂಡರು. "ಈಗ ಒಳಗ ಹೋಗಿ ನೋಡ್ರಿ ಮಾಸ್ತರ್ರೆ. ನೋಡಿ ಬರ್ರಿ."

ಕಣದ ಒಳಗೆ

ಕಲ್ಲಿನ ಮೆಟ್ಟಿಲುಗಳ ಮೇಲೆ ನಮ್ಮ ದಡದ ಸಂಸಾರಗಳು ತುಂಬಿದ್ದವು. ಚಾಪೆ, ಗೋಣಿತಟ್ಟು, ಸೀರೆ ಕಟ್ಟಿ ಮರೆ ಮಾಡಿಕೊಂಡಿದ್ದರು. ಮರೆ ಮರೆಗೂ ಒಂದೊಂದು ಒಲೆ. ಎಲ್ಲವೂ ಕೆಂಪು. ಹೊಸದಾಗಿ ಹೊತ್ತಿಸಿದ ಒಂದರಿಂದ ಹೊಗೆಯ ಜೊತೆ ಅರಿಷಿಣ, ನಿಂಬೆಯ ಘಾಟು ಬಂತು. ನಮ್ಮ ಮನೆಯಲ್ಲಿ ಅಪ್ಪ ಗರಡಿಯಿಂದ ಬಂದಾಗ ಬರುತ್ತಿದ್ದ ವಾಸನೆ ಅದು.

ನಡುವೆ ಕಣವಿರಬೇಕಾದಲ್ಲಿ ಒಂದು ಗುಂಡಿಯಿತ್ತು. ಅದರಲ್ಲಿ ಮಳೆಯ ನೀರು ನಿಂತಿತ್ತು.

ಹತ್ತಿರದ ಒಲೆಯ ಮುಂದಿದ್ದ ಮುದುಕಿಯ ಹೆಸರು ದುರುಗಮ್ಮ, ಮಾನ್ವಿ ಕಡೆಯವಳು. ನಾನು ಪಂಪಣ್ಣನ ಅಣ್ಣನೆಂದು ತಿಳಿದು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಬಂದಾಗಿಂದ ಮಳಿ ಹಿಡೀತಪ್ಪ. ಮೂರು ಕಲ್ಲು ಇಟ್ರ ಈ ಗಾಳಿಗೆ ಉರಿ ನಿಲ್ಲವಲ್ದು. ಹೊರಗಿನ ಕರಿಮಣ್ಣಿಲೆ ಒಲಿ ಹಾಕಿದ್ವಿ, ಬೆಂಕಿ ತಾಕಿದ ಕೂಡಲೇ ಬಿರದು ಉದುರಿ ಹೋತು. ಕೂಸುಗಳು ಹಸಿಹಿಟ್ಟು ಕುಡಕೊಂಡು ಅತ್ವು. ನಾವು ಹೆಣ್ಮಕ್ಕಳು ಕಣಕ್ಕ ಇಳಿಯಂಗಿಲ್ಲ ಅಂತ ನಮಗೂ ಗೊತ್ತೈತಿ. ನಿಮ್ಮ ತಮ್ಮನೇ ಇಳಿದು, ಕಣದ ಮಣ್ಣು ಎತ್ತಿ ಎತ್ತಿ ಕೊಟ್ಟ. ಒಂದ ಮನಿಗೆ ಕೊಟ್ಟು ಇನ್ನೊಂದಕ್ಕ ಬಿಡಾಕಾಗತೈತೇನು? ಎಲ್ಲಾರಿಗೂ ಕೊಟ್ಟ."

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರ ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಅವ ನಮ್ಮ ಒಲಿ ಮ್ಯಾಗಿನ ಒಂದು ತುತ್ತು ಮುಟ್ಟಲಿಲ್ಲ. ಯಾರು ಕೊಟ್ರೂ ಒಲ್ಲೆ ಅಂದ. ನಮ್ಮದು ಯಾವ ಜಾತಿ ಅಂತ ಹೇಸಿದನೇನು?"

ಹಾಗಲ್ಲವೆಂದು ಹೇಳಿದೆ. ಏನೆಂದು ಮಾತ್ರ ನನಗೂ ಗೊತ್ತಿರಲಿಲ್ಲ.

ಉಳಿದದ್ದನ್ನು ವೆಂಕಟಸ್ವಾಮಿ ಹೇಳಿದರು. ಈರಣ್ಣ ವಸ್ತಾದರು ಬೆಳಿಗ್ಗೆ ಬಂದು ಖಾಲಿ ಗುಂಡಿ ನೋಡಿದರಂತೆ. ಬೈಯಲಿಲ್ಲವಂತೆ. ಒಲೆಗಳನ್ನು ನೋಡುತ್ತ ಒಂದು ಸುತ್ತು ಬಂದು, ಕುರುಗೋಡಿನ ಮಗಳ ಮನೆಗೆ ಹೋದವರು ಮತ್ತೆ ಊರಿಗೆ ಕಾಲಿಡಲಿಲ್ಲವಂತೆ. ಕಣದ ಮಣ್ಣನ್ನು ಇನ್ನೊಂದು ಕಣಕ್ಕಲ್ಲದೆ ಹೊರಗೆ ಹಾಕಿದವನು ಯಾವ ಕಣಕ್ಕೂ ಇಳಿಯುವಂತಿಲ್ಲ. ಅದು ಗರಡಿಯವರ ಹಳೆಯ ಕಟ್ಟು. ಊರಿನ ಗರಡಿಯ ಹುಡುಗರು ಪಂಪಣ್ಣನ ಜೊತೆ ಮಾತು ಬಿಟ್ಟಿದ್ದರು.

ಹತ್ತಿ ಗಿರಣಿಯ ಹತ್ತಿರ

ಪಂಪಣ್ಣ ಹತ್ತಿ ಗಿರಣಿಯಲ್ಲಿ ಅಂಡಿಗೆಗಳನ್ನು, ಹತ್ತಿಯ ದೊಡ್ಡ ಮೂಟೆಗಳನ್ನು, ಹೊರುತ್ತಿದ್ದ. ನನ್ನನ್ನು ನೋಡಿ ಹೊರೆ ಇಳಿಸಿ ನಿಂತ. ಮೈ ಇಳಿದುಹೋಗಿತ್ತು, ಕೂದಲ ತುಂಬ ಹತ್ತಿಯ ಧೂಳಿತ್ತು. ಉಳಿದ ರೊಟ್ಟಿ ಕೊಟ್ಟೆ. ಅವ್ವನ ರೊಟ್ಟಿಯೆಂದು ಗುರುತು ಹಿಡಿದು ನಿಂತಲ್ಲೇ ತಿಂದ.

"ಯಾಕ ಬಂದಿ ಅಣ್ಣ?"

"ಕರಕೊಂಡು ಹೋಗಾಕ."

"ಯಾರು ಕಳಿಸಿದ್ರು?"

"ಅವ್ವ."

"ಅಪ್ಪ?"

"ಅಪ್ಪ ಏನೂ ಅಂದಿಲ್ಲ."

"ಗೊತ್ತಿಲ್ಲದ್ದಕ್ಕ ಅಂದಿಲ್ಲ. ಗೊತ್ತಾದ ಮ್ಯಾಗ ಏನಂತಾನ ನನಗ ಗೊತ್ತೈತಿ."

ಗಿರಣಿಯ ಗೋಡೆಯ ನೆರಳಿಗೆ ಕೂತೆವು. ದುರುಗಮ್ಮನ ಮಾತು ಹೇಳಿದೆ. ಅವನಿಗೆ ಅದು ನಾಟಿತು.

"ಜಾತಿ ಅಲ್ಲಣ್ಣ. ಆ ಒಲಿ ನೋಡಿದ್ರ ಈರಣ್ಣ ವಸ್ತಾದರ ಕೈ ಕಾಣತಾವ. ಮಣ್ಣಿಗೆ ಮಜ್ಜಿಗಿ ಹಾಕಿ ಮಗಿನ ಮೈ ತಿಕ್ಕಿದಂಗ ತಿಕ್ಕೋರು. ತುತ್ತು ಗಂಟಲಾಗ ಇಳಿಯಂಗಿಲ್ಲ."

"ನೀ ಮಾಡಿದ್ದು ತಪ್ಪಲ್ಲ ಬಿಡು."

"ತಪ್ಪಲ್ಲ ಅಂತ ನನಗೂ ಗೊತ್ತು. ಆದ್ರ ಮಾಡಬಾರದಿತ್ತು."

ಅವನೇ ದಾರಿ ಹೇಳಿದ. ಕಣ ಕೆಡಿಸಿದವನನ್ನು ಆ ಕಣದ ವಸ್ತಾದ ಮನ್ನಿಸಬಹುದು, ಮನ್ನಿಸಿ ತನ್ನ ಕೈಯಿಂದ ಅವನ ಭುಜಕ್ಕೆ ಮಣ್ಣು ಹಚ್ಚಬೇಕು. ಈರಣ್ಣ ವಸ್ತಾದರು ಮಣ್ಣು ಹಚ್ಚಿದರೆ ಊರಿಗೆ ಬರುತ್ತೇನೆ, ಇಲ್ಲದಿದ್ದರೆ ಅಪ್ಪನ ಗರಡಿಯ ಮುಂದೆ ಹೇಗೆ ನಿಲ್ಲಲಿ ಎಂದ. ಅವರ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಹೋಗಿ ಕೇಳಲು ನಾನಿದ್ದೆ.

ಕುರುಗೋಡು

ಕುರುಗೋಡಿಗೆ ಹೋದವರು ದೊಡ್ಡ ಬಸವಣ್ಣನಿಗೆ ಕೈಮುಗಿಯದೆ ಬರುವುದಿಲ್ಲ. ನಾನೂ ಮುಗಿದೆ. ಅಷ್ಟು ದೊಡ್ಡ ಬಸವಣ್ಣನ ಮುಂದೆ ನಿಂತು ಕೇಳಿದ್ದು ಸಣ್ಣದು, ಒಬ್ಬ ಮುದುಕನ ಮನಸ್ಸು ಕರಗಲಿ ಎಂದು.

ಮನಸ್ಸು ಮೊದಲೇ ಕರಗಿತ್ತು. ತೊಂದರೆಯಿದ್ದದ್ದು ಬೇರೆ ಕಡೆ. ಈರಣ್ಣ ವಸ್ತಾದರು ಮಗಳ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಅಪ್ಪನ ಹೆಸರು ಹೇಳಿದೊಡನೆ ಜರುಗಿ ಜಾಗ ಮಾಡಿಕೊಟ್ಟರು, ಮಜ್ಜಿಗೆ ತರಿಸಿದರು. ಮೊದಲ ಗಾಡಿ ಮಣ್ಣು ತಂದದ್ದು ವೆಂಕಟಸ್ವಾಮಿಯ ಅಜ್ಜನಂತೆ ಎಂದು ಮಾತು ತೆಗೆದೆ.

"ಅವರಜ್ಜ ಎತ್ತು ಕಾಯ್ತಿದ್ದ. ಗಾಡಿ ನಮ್ಮಜ್ಜಂದು," ಎಂದರು. ಸ್ವಲ್ಪ ನಕ್ಕರು. ಆಮೇಲೆ ನಾನು ಬಂದ ಕೆಲಸ ಹೇಳಿದೆ. ನಗು ಹೋಯಿತು.

"ಮನಸಿನ್ಯಾಗ ಅವನ್ನ ಎಂದೋ ಮನ್ನಿಸೀನಿ ಮಾಸ್ತರ. ಕೂಸುಗಳ ಹೊಟ್ಟಿ ತುಂಬಿಸ್ಯಾನ, ಅದರಾಗ ಏನೈತಿ. ಮಣ್ಣು ಹಚ್ಚು ಅಂದ್ರ ಯಾವ ಮಣ್ಣು ಹಚ್ಚಲಿ? ಮಣ್ಣು ಎಲ್ಲೈತಿ?"

ಒಲೆಗಳನ್ನು ಒಡೆದು ಪುಡಿ ಮಾಡಿದರೆ ಎಂದು ಕೇಳಿದೆ. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು.

"ಸುಟ್ಟ ಮಣ್ಣು ತಿರುಗಿ ಮಣ್ಣಾಗಂಗಿಲ್ಲಪ್ಪ."

ಸೊಂಡೂರಿನಿಂದ ಹೊಸ ಕೆಮ್ಮಣ್ಣು ತರಿಸಿದರೆ ಎಂದೆ. ತರಿಸಬಹುದಂತೆ, ಆದರೆ ಹೊಸ ಮಣ್ಣು ಕಣದ ಮಣ್ಣಾಗಬೇಕಾದರೆ ಹಳೆಯ ಕಣದ ಮಣ್ಣು ಒಂದು ಬುಟ್ಟಿ ಕೂಡಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಕಣದ ಮಣ್ಣು ಈಗ ಉಳಿದಿರುವುದು ಒಂದೇ ಕಡೆ. ಅಪ್ಪ ಹರೆಯದಲ್ಲಿ ಬಳ್ಳಾರಿಯಿಂದ ಒಂದು ಬುಟ್ಟಿ ಒಯ್ದು ನಮ್ಮೂರಿನ ಗರಡಿ ಕಟ್ಟಿದ್ದ.

ನನಗೆ ಹೋದ ಜೀವ ಬಂದಂತಾಯಿತು. "ಹಂಗಾರ ಅಪ್ಪನ್ನ ಕೇಳಿ ತರ್ತೀನಿ," ಎಂದೆ.

"ಕೇಳಂಗಿಲ್ಲ," ಎಂದರು. "ಅದು ಕೇಳಿ ಇಸ್ಕೊಳ್ಳೋದಲ್ಲ. ವಸ್ತಾದ ತಾನಾಗಿ ಎತ್ತಬೇಕು. ಯಾರೂ ಬಾಯಿಬಿಟ್ಟು ಕೇಳಬಾರದು, ನೀನೂ ಕೇಳಬಾರದು. ಆದದ್ದು ಹೇಳು, ಅಷ್ಟ. ಎತ್ತೋದು ಬಿಡೋದು ಹನುಮಪ್ಪನ ಮನಸು."

ಇಂಥ ಕಟ್ಟುಪಾಡು ಮಾಡಿದವರ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಒಂದು ಬುಟ್ಟಿ ಮಣ್ಣಿಗೆ ಇಷ್ಟೊಂದು ಬೀಗ. ಆದರೆ ಆ ಮುದುಕ ಶೇಂಗಾದ ಸಿಪ್ಪೆ ತೆಗೆದು ಕಾಳನ್ನು ನನ್ನ ಕೈಗೆ ಹಾಕುತ್ತಲೇ ಇದ್ದ, ಸಿಟ್ಟು ತೋರಿಸಲು ಜಾಗವಿರಲಿಲ್ಲ.

ಮತ್ತೆ ಸಿರುಗುಪ್ಪ

ಪಂಪಣ್ಣ ನನ್ನನ್ನು ಕಳಿಸಲು ಹೊಳೆಯ ತನಕ ಬಂದ. ದಾರಿಯುದ್ದಕ್ಕೂ ಈರಣ್ಣ ವಸ್ತಾದರ ಮಾತನ್ನೇ ತಿರುವಿ ಹಾಕಿದ. ಮನಸ್ಸಿನಲ್ಲಿ ಮನ್ನಿಸಿದ್ದಾರೆಂಬುದು ಅವನಿಗೆ ಸಂತೋಷ ಕೊಟ್ಟಿತೋ ನೋವು ಕೊಟ್ಟಿತೋ ಹೇಳಲಾರೆ.

ಹೊಳೆ ಕೆಂಪಾಗಿತ್ತು. ಮೇಲೆ ಮಲೆನಾಡಿನಲ್ಲಿ ಮಳೆ ಬಿದ್ದಿತ್ತು. ಅಂಬಿಗ ಇದೇ ಕೊನೆಯ ಹರಿಗೋಲು ಎಂದು ಕೂಗಿದ.

"ನಡಿಯೋ ಈಗ," ಎಂದೆ. "ಅಪ್ಪನ ಮುಂದ ನಾ ಮಾತಾಡ್ತೀನಿ."

"ಮಾತಾಡಂಗಿಲ್ಲಲ್ಲ ಅಣ್ಣ. ಕೇಳಂಗಿಲ್ಲ ಅಂದಾರಲ್ಲ."

"ಅಪ್ಪ ಎತ್ತತಾನ."

"ಎತ್ತಂಗಿಲ್ಲ. ಗರಡಿ ಅಂದ್ರ ಅವನಿಗೆ ನಮಗಿಂತ ಹೆಚ್ಚು." ಅವನು ನನ್ನ ಚೀಲವನ್ನು ಹರಿಗೋಲಿಗೆ ಇಟ್ಟ. "ನಾಗರಪಂಚಮಿ ತನಕ ನೋಡ್ತೀನಿ. ಎತ್ತಿದ್ರ ಸುದ್ದಿ ಮುಟ್ಟಿಸು. ಸುದ್ದಿ ಬರಲಿಲ್ಲಂದ್ರ ಅಪ್ಪ ಒಲ್ಲೆ ಅಂದ ಅಂತ ತಿಳಕೊಂತೀನಿ."

ಹರಿಗೋಲು ಸುಳಿಗೆ ಸಿಕ್ಕು ತಿರುಗುತ್ತ ಹೋಯಿತು. ಒಮ್ಮೆ ನಮ್ಮ ದೇಶ ಕಾಣುತ್ತಿತ್ತು, ಒಮ್ಮೆ ಅವನು ಕಾಣುತ್ತಿದ್ದ.

ಊರು

ಅಪ್ಪನಿಗೆ ಆದದ್ದನ್ನು ಹೇಳಿದೆ. ಕುರುಗೋಡಿನ ಮಾತನ್ನು, ಮಣ್ಣು ಎಲ್ಲಿದೆ ಎಂದು ಈರಣ್ಣ ವಸ್ತಾದರು ಕೇಳಿದ್ದಕ್ಕೇ ನಿಲ್ಲಿಸಿದೆ, ಮುಂದೆ ಹೇಳಿದರೆ ಕೇಳಿದಂತಾಗುತ್ತದೆ ಎಂದು. ಅವ್ವ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಅಪ್ಪ ಎದ್ದು ಬುಟ್ಟಿ ತೆಗೆದುಕೊಂಡು ಗರಡಿಗೆ ನಡೆದ. ಕಣಕ್ಕೆ ಇಳಿದು ಕೈಯಿಂದಲೇ ಬಗೆದು ಬುಟ್ಟಿ ತುಂಬಿದ. ಗಟ್ಟಿ ಮನಸ್ಸಿನವನೆಂದು ನಾವೆಲ್ಲ ಹೆದರುತ್ತಿದ್ದ ಮನುಷ್ಯ, ಒಂದು ಗಳಿಗೆಯೂ ಯೋಚಿಸಲಿಲ್ಲ. ನನಗೆ ಅಳು ಬಂತು.

"ನಡಿ, ಹೋಗೂಣು," ಎಂದ.

"ಹೊಳಿ ಬಂದೈತಿ ಅಪ್ಪ. ಹರಿಗೋಲು ನಿಂತೈತಿ."

ಅವನು ದಡಕ್ಕೆ ಹೋಗಿ ನೋಡಿ ಬಂದ. ಬುಟ್ಟಿಯನ್ನು ಗರಡಿಯ ಗೂಟಕ್ಕೆ ತೂಗುಹಾಕಿ, "ಇಳೀತೈತಿ," ಎಂದ.

ಇಳಿಯಲಿಲ್ಲ. ಗಡಿ ದಾಟಿ ಟಪಾಲು ಹೋಗುತ್ತಿರಲಿಲ್ಲ. ಈಜು ಬಲ್ಲವರನ್ನು ಕಾಡಿದೆ, ಆ ಕೆಂಪು ನೀರಿಗೆ ಯಾರೂ ಬೀಳಲಿಲ್ಲ. ದಿನಾ ಸಂಜೆ ದಡಕ್ಕೆ ಹೋಗಿ ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೆ ಕೂಗಿದೆ. ಅವರು ಕೈಯೆತ್ತಿ ಏನೋ ಕೂಗಿದರು. ನೀರಿನ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಪಂಚಮಿ ಬಂತು, ಅವ್ವ ಉಂಡೆ ಕಟ್ಟಲಿಲ್ಲ. ಪಂಚಮಿ ಹೋಯಿತು.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಬಂತು. ಗಡಿ ಹೋಯಿತು. ಜನ ಡೊಳ್ಳು ಬಡಿದರು, ಓಡಿಹೋಗಿದ್ದ ಸಂಸಾರಗಳು ತಿರುಗಿ ಬಂದವು. ದುರುಗಮ್ಮನೂ ಹೀಗೇ ಬಂದಿರಬೇಕು. ನೀರು ತಗ್ಗಿ ಹರಿಗೋಲು ಶುರುವಾಗಿತ್ತು, ಎಲ್ಲರ ಜೊತೆ ಅವನೂ ಬಂದಾನೆಂದು ಹರಿಗೋಲು ಬಂದಾಗಲೆಲ್ಲ ಅವ್ವ ದಡಕ್ಕೆ ಓಡುತ್ತಿದ್ದಳು.

ಮತ್ತೆ ಬಳ್ಳಾರಿ

ದೀಪಾವಳಿ ಕಳೆದರೂ ಅವನು ಬಾರದಿದ್ದಾಗ ಅಪ್ಪ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡ. ನಾನು ಜೊತೆಗೆ ಹೋದೆ. ಈ ಸಲ ಯಾರೂ ಚೀಟಿ ಕೇಳಲಿಲ್ಲ. ಬಸ್ಸಿನಲ್ಲಿ ಬುಟ್ಟಿಯನ್ನು ಮೇಲೆ ಹಾಕೆಂದು ಕಂಡಕ್ಟರು ಜಗಳ ತೆಗೆದ. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತ. ಕುರುಗೋಡಿನಲ್ಲಿ ಈರಣ್ಣ ವಸ್ತಾದರು ಬುಟ್ಟಿ ನೋಡಿ ಎದ್ದು ಜೊತೆಗೆ ಹೊರಟರು.

ವೆಂಕಟಸ್ವಾಮಿ ನಮ್ಮನ್ನು ಕಂಡು ಬೆಂಚು ಒರೆಸಿದರು. ಆ ಮೇಲೆ ಒರೆಸುತ್ತಲೇ ನಿಂತರು.

"ಪಂಚಮಿ ತನಕ ದಿನಾ ಸಿರುಗುಪ್ಪದ ಬಸ್ಸಿಗೆ ಬಂದು ನಿಂದ್ರತಿದ್ದ ವಸ್ತಾದ್ರೆ. ಯಾರು ಇಳಿದ್ರೂ ಕೇಳ್ತಿದ್ದ, ನಮ್ಮೂರ ಕಡಿಂದ ಸುದ್ದಿ ಐತೇನು ಅಂತ. ಪಂಚಮಿ ಮರುದಿನ ಬರಲಿಲ್ಲ. ಹೊಳಿಗೆ ಕಟ್ಟೋ ಡ್ಯಾಮಿನ ಕೆಲಸಕ್ಕ ಹೋದ ಅಂತಾರ. ಬೊಂಬಾಯಿ ಅಂತಾರ. ನನಗ ಹೇಳಿ ಹೋಗಲಿಲ್ಲ."

ಅಪ್ಪ ಬುಟ್ಟಿಯನ್ನು ಹಿಡಿದುಕೊಂಡೇ ಕಣದ ಒಳಗೆ ಹೋದ. ಹಿಂದೆ ಈರಣ್ಣ ವಸ್ತಾದರು. ಇಬ್ಬರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟರು.

ಒಲೆಗಳಿರಲಿಲ್ಲ. ಮೆಟ್ಟಿಲುಗಳಿಗೆ ಸುಣ್ಣ ಬಳಿದಿದ್ದರು. ನಡುವಿನ ಗುಂಡಿ ತುಂಬಿ ಸಿಮೆಂಟು ಹಾಸಿದ್ದರು, ಅದರ ಮೇಲೆ ಬಿಳಿ ಗೆರೆ. ಕ್ಯಾನ್ವಾಸ್ ಬೂಟಿನ ಹುಡುಗರು ನಡುವೆ ಬಲೆ ಕಟ್ಟಿ ಬ್ಯಾಡ್ಮಿಂಟನ್ ಆಡುತ್ತಿದ್ದರು. ಊರಿನ ಹಿರಿಯರು ಸೇರಿ ಮಾಡಿಸಿದ್ದು, ಸಂಜೆ ನಾಟಕ, ಭಾಷಣ, ಹಬ್ಬಕ್ಕೆ ಸಿನೆಮಾ. ಒಳ್ಳೆಯ ಕೆಲಸವೇ, ನಾನು ಅಲ್ಲಗಳೆಯುವುದಿಲ್ಲ. ಇತ್ತೀಚೆಗೆ ತಗಡಿನ ಮಾಡೂ ಬಂದಿದೆಯಂತೆ. ಹೆಣ್ಣುಮಕ್ಕಳೂ ಬಂದು ಆಡುತ್ತಾರಂತೆ.

ನೋಡಿಕೊಳ್ಳುವವನು, ತರುಣ, ಮರ್ಯಾದಸ್ಥ, ಹತ್ತಿರ ಬಂದ.

"ಏನು ತಂದೀರಿ ಅಜ್ಜಾರೆ? ಮಣ್ಣಾ?" ಒಂದು ಹಿಡಿ ತೆಗೆದು ಬೆರಳಲ್ಲಿ ಉದುರಿಸಿದ. "ಭಾಳ ಚಲೋ ಮಣ್ಣೈತಿ. ಇಡ್ರಿ, ಇಲ್ಲಿ ಹೂವಿನ ಕುಂಡ ಇಡಬೇಕಂತ ಮಾಡೀವಿ. ಅದಕ್ಕಾಗತೈತಿ."

ಅವನು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ಈರಣ್ಣ ವಸ್ತಾದರು ಬಗ್ಗಿ ಸಿಮೆಂಟನ್ನು ಅಂಗೈಯಿಂದ ಒಮ್ಮೆ ಸವರಿದರು.

"ತಡ ಆತು ಹನುಮಪ್ಪ," ಎಂದರು.

ಅಪ್ಪ ಬುಟ್ಟಿಯನ್ನು ತಿರುಗಿ ತಲೆಗೇರಿಸಿದ.

ಹೊರಟು ಎರಡು ದಿನ ಡ್ಯಾಮು ಕಟ್ಟುವ ಕಡೆ ಹುಡುಕಿದೆವು. ಅಲ್ಲಿ ಸಾವಿರಾರು ಜನ ಮಣ್ಣು ಹೊರುತ್ತಿದ್ದರು. ಎಲ್ಲರ ತಲೆಯ ಮೇಲೂ ಬುಟ್ಟಿ, ಎಲ್ಲರ ಮುಖವೂ ಧೂಳು. ಅಪ್ಪ ಪ್ರತಿಯೊಬ್ಬನ ಎದುರಿಗೆ ನಿಂತು ನೋಡಿದ. ಅವನನ್ನೂ ಕೂಲಿಯವನೆಂದು ತಿಳಿದು ಮೇಸ್ತ್ರಿಯೊಬ್ಬ ಯಾಕೆ ನಿಂತೆ ಎಂದು ಗದರಿದ.

ಮನೆ

ಮನೆಯ ಬಾಗಿಲಿಗೆ ಬಂದಾಗ ಅವ್ವ ನಮ್ಮ ಹಿಂದೆ ಮೂರನೆಯವನನ್ನು ಹುಡುಕಿದಳು.

ಅಪ್ಪ ಬುಟ್ಟಿ ಹೊತ್ತುಕೊಂಡು ಅಂಗಳದಲ್ಲಿ ನಿಂತ. ತಲೆಯ ಹೊರೆ ಇಳಿಸಲು ಇನ್ನೊಬ್ಬರು ಬೇಕು. ನಾನು ಕೈ ಚಾಚಿದೆ, ಬೇಡವೆಂದು ತಲೆಯಾಡಿಸಿದ.

"ನೀ ಇಳಿಸು," ಎಂದು ಅವ್ವನಿಗೆ ಹೇಳಿದ.

ಮದುವೆಯಾಗಿ ಬಂದಂದಿನಿಂದ ಅವ್ವ ಆ ಮಣ್ಣು ಮುಟ್ಟಿದವಳಲ್ಲ. ಗರಡಿಯ ಮುಂದೆ ಹೋಗುವಾಗಲೂ ದೂರ ಸರಿದು ನಡೆಯುತ್ತಿದ್ದಳು. ಅವಳು ಅವನ ಮುಖವನ್ನೇ ನೋಡಿದಳು.

"ಇಳಿಸು. ಒಲಿ ಹಾಕು."

"ಏನಂತೀರಿ?"

"ಒಲಿ ಹಾಕು ಅಂದೆ. ನಮ್ಮನ್ಯಾಗಿನ ಒಲಿ ಹಳೇದಾಗೇತಿ."

ಅವ್ವ ಬುಟ್ಟಿ ಇಳಿಸಿದಳು. ನೀರು ಹಾಕಿ ಕಲಸಿದಳು, ಒಲೆ ಕಟ್ಟಿದಳು, ಒಣಗಲು ಬಿಟ್ಟಳು. ಅದು ಒಣಗುವ ತನಕ ಅಪ್ಪ ಊಟವನ್ನೇ ಮಾಡಲಿಲ್ಲ. ಬೆಂಕಿ ಹಾಕಿದ ದಿನ ಒಲೆಯ ಮುಂದೆಯೇ ಕೂತು ಮೊದಲ ರೊಟ್ಟಿಯನ್ನು ತಿಂದ. ಆ ಮಧ್ಯಾಹ್ನ ಗರಡಿಯ ಹುಡುಗರನ್ನು ಕರೆದು, ತಾನು ಕಣದ ಮಣ್ಣು ಹೊರಗೆ ತಂದು ಒಲೆ ಹಾಕಿಸಿದ್ದೇನೆ, ಇನ್ನು ಯಾವ ಕಣಕ್ಕೂ ಇಳಿಯುವಂತಿಲ್ಲ ಎಂದು ತಾನೇ ಹೇಳಿದ. ಹುಡುಗರು ಕಾಲು ಹಿಡಿದು ಅತ್ತರು. ಗರಡಿಯ ಬಾಗಿಲು ಮುಚ್ಚಿ ಬಂದ.

"ಯಾಕ ಹಿಂಗ ಮಾಡಿದಿ ಅಪ್ಪ?" ಎಂದು ಕೇಳಿದೆ.

"ಅವನೂ ಹೊರಗ, ನಾನೂ ಹೊರಗ," ಎಂದ. "ಇನ್ನ ಅವ ಮನಿಗೆ ಬರಾಕ ಏನ ಅಡ್ಡಿ ಐತಿ?"

ಇದಾಗಿ ವರ್ಷಗಳಾದವು. ಅಪ್ಪ ದಿನಾ ಆ ಒಲೆಯ ರೊಟ್ಟಿ ತಿನ್ನುತ್ತಾನೆ. ಪಂಪಣ್ಣ ಇನ್ನೂ ಬಂದಿಲ್ಲ.